ಗುಂಡಿಲ್ಲದ ಗುರಿ

2024ರ ಜುಲೈ 28. ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ನಡೆಯುತ್ತಿದ್ದುದು ಪ್ಯಾರಿಸ್‌ನಲ್ಲಲ್ಲ. ಅಲ್ಲಿಂದ ದಕ್ಷಿಣಕ್ಕೆ ಇನ್ನೂರಕ್ಕೂ ಹೆಚ್ಚು ಕಿಲೊಮೀಟರ್ ದೂರದ ಶಾತೊರೂ ಎಂಬ ಊರಿನಲ್ಲಿ. ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಫೈನಲ್. ಎಂಟು ಮಂದಿಯಲ್ಲಿ ಐವರು ಆಗಲೇ ಹೊರಬಿದ್ದಿದ್ದರು. ಉಳಿದವರು ಕೊರಿಯಾದ ಇಬ್ಬರು, ಮತ್ತೆ ಹರಿಯಾಣದ ಝಜ್ಜರ್ ಜಿಲ್ಲೆಯ 22 ವರ್ಷದ ಮನು ಭಾಕರ್. 22 ಹೊಡೆತ ಮುಗಿದಾಗ ಮನು ಅವರ ಅಂಕ 221.7. ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಕಿಮ್ ಯೆಜಿಯ ಅಂಕ 221.8. ಅಲ್ಲಿಗೆ ಮನು ಅವರ ಸರದಿ ಮುಗಿಯಿತು. ಕಂಚು ಬಂತು. ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಎಂದು ದೇಶವೇ ಕುಣಿಯಿತು. ಆದರೆ ಬೆಳ್ಳಿ ತಪ್ಪಿದ್ದು 0.1 ಅಂಕದಿಂದ.

ಈ 0.1 ಅಂದರೆ ಎಷ್ಟು? ಗುರಿಹಲಗೆಯ ಮೇಲೆ ಅಳೆದರೆ ಸುಮಾರು 0.8 ಮಿಲಿಮೀಟರ್. ಮನೆಯಲ್ಲಿ ಅಜ್ಜನ ಎಟಿಎಂ ಕಾರ್ಡ್ ಇದ್ದರೆ ತೆಗೆದು ಅಂಚನ್ನು ನೋಡಿ. ಹೆಚ್ಚುಕಡಿಮೆ ಅದೇ ದಪ್ಪ. ಆ 22 ಹೊಡೆತಗಳಲ್ಲಿ ಯಾವುದಾದರೂ ಒಂದು, ಆ ಕಾರ್ಡಿನ ದಪ್ಪದಷ್ಟು ನಡುವಿಗೆ ಸರಿದು ಬಿದ್ದಿದ್ದರೂ ಸಾಕಿತ್ತು, ಇಬ್ಬರದೂ ಸಮವಾಗುತ್ತಿತ್ತು.

ಹತ್ತು ಮೀಟರ್ ದೂರದಿಂದ, ಒಂದೇ ಕೈಯಲ್ಲಿ ಹಿಡಿದ ಪಿಸ್ತೂಲಿನಿಂದ, ಕಾರ್ಡಿನ ದಪ್ಪದ ಲೆಕ್ಕದಲ್ಲಿ ಹೊಡೆಯುವುದನ್ನು ಹೇಗೆ ಕಲಿಯುತ್ತಾರೆ? ಸಾವಿರಾರು ಸಲ ಹೊಡೆದು ಕಲಿಯುತ್ತಾರೆ ಅನ್ನುತ್ತೀರಿ. ಹೌದು. ಆದರೆ ಅದರಲ್ಲಿ ದೊಡ್ಡ ಪಾಲು ಏನನ್ನೂ ಹೊಡೆಯದೆ ನಡೆಯುತ್ತದೆ. ಪಿಸ್ತೂಲಿನೊಳಗೆ ಗುಂಡಿರುವುದಿಲ್ಲ, ಎದುರಿಗೆ ಗುರಿಹಲಗೆಯೂ ಇರುವುದಿಲ್ಲ. ಸುಣ್ಣ ಬಳಿದ ಬಿಳಿ ಗೋಡೆ ಇರುತ್ತದೆ. ಕೈ ಎತ್ತಬೇಕು, ಗುರಿ ಹಿಡಿಯಬೇಕು, ಟ್ರಿಗರ್ ಒತ್ತಬೇಕು. ‘ಟಿಕ್’ ಎಂದು ಸಣ್ಣ ಸದ್ದು ಬರುತ್ತದೆ. ಕೈ ಇಳಿಸಬೇಕು. ಮತ್ತೆ ಎತ್ತಬೇಕು. ಇದಕ್ಕೆ ಶೂಟರ್‌ಗಳು ಡ್ರೈ ಫೈರಿಂಗ್ ಎನ್ನುತ್ತಾರೆ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದಿದ್ದ ಅಜ್ಜಂದಿರಿಗೆ ಈ ಮಾತು ಹೊಸದೇನಲ್ಲ. ಮೃದಂಗ ಕಲಿಯುವ ಹುಡುಗ ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಾನಲ್ಲ, ಇದೂ ಅದೇ ಜಾತಿಯ ಅಭ್ಯಾಸ.

ಮೊದಲು ಆಟದ ಲೆಕ್ಕಾಚಾರ ಸ್ವಲ್ಪ ತಿಳಿದಿರಲಿ. ಏರ್ ಪಿಸ್ತೂಲಿನಲ್ಲಿ ಮದ್ದು ಇಲ್ಲ. ಒತ್ತಿಟ್ಟ ಗಾಳಿಯೇ 4.5 ಮಿಲಿಮೀಟರ್ ಅಗಲದ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ನಿಮ್ಮ ಅಂಗಿಯ ಗುಂಡಿಯಷ್ಟು. ಹತ್ತರೊಳಗೂ ಮತ್ತೆ ಹತ್ತು ಭಾಗ; ಫೈನಲ್‌ನಲ್ಲಿ ನಟ್ಟನಡುವೆ ಬಿದ್ದರೆ 10.9. ಅದಕ್ಕೂ ಮೊದಲಿನ ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಹೊಡೆತ ಹೊಡೆಯಬೇಕು. ಪಿಸ್ತೂಲಿನ ತೂಕ ಒಂದು ಕಿಲೋ ಆಸುಪಾಸು. ಎರಡನೇ ಕೈಯಿಂದ ಮುಟ್ಟುವಂತಿಲ್ಲ. ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಂಬ 51 ವರ್ಷದವರು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೊಡೆದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಾಡಿತ್ತು, ನೆನಪಿದೆಯೇ? ಅದು ಠೀವಿಯಲ್ಲ. ಕೆಲಸವಿಲ್ಲದ ಕೈ ತೂಗಾಡಿದರೆ ಮೈಯೂ ತೂಗಾಡುತ್ತದೆ. ಅದಕ್ಕೆ ಎಲ್ಲ ಪಿಸ್ತೂಲು ಶೂಟರ್‌ಗಳೂ ಆ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಡುತ್ತಾರೆ. ಮಿಶ್ರ ತಂಡದ ಸ್ಪರ್ಧೆಯಲ್ಲಿ ಡಿಕೆಚ್ ಅವರಿಗೆ ಬೆಳ್ಳಿಯೂ ಬಂತು.

ಈಗ ಕಷ್ಟದ ವಿಷಯ. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಮೊನೆ ಇದೆ. ಹಿಂಭಾಗದಲ್ಲಿ ಒಂದು ಪಟ್ಟಿ, ಅದರ ನಡುವೆ ಚೌಕಾಕಾರದ ಕಚ್ಚು. ಕಚ್ಚಿನ ನಡುವೆ ಮೊನೆ ಸರಿಯಾಗಿ ಕೂತು, ಎರಡು ಪಕ್ಕದಲ್ಲೂ ಒಂದೇ ಸಮ ಬೆಳಕು ಕಂಡರೆ ಪಿಸ್ತೂಲು ನೆಟ್ಟಗಿದೆ ಎಂದರ್ಥ. ಮೊನೆಗೂ ಕಚ್ಚಿಗೂ ನಡುವಿನ ದೂರ ಒಂದಡಿಗಿಂತ ಸ್ವಲ್ಪ ಹೆಚ್ಚು, 33 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹತ್ತು ಮೀಟರ್ ಅಂದರೆ ಅದರ ಸುಮಾರು ಮೂವತ್ತು ಪಟ್ಟು. ಇಲ್ಲಿ ಮೊನೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಅಲ್ಲಿ ಪೆಲೆಟ್ 30 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹತ್ತು ಬರಬೇಕಾದಲ್ಲಿ ಏಳು! ಏಳನೇ ತರಗತಿಯವರು ಇದನ್ನು ಕಾಗದದ ಮೇಲೆ ತ್ರಿಕೋನ ಬರೆದು ನೋಡಬಹುದು.

ಮೊನೆಯನ್ನು ಹಾಗೆ ಸರಿಸುವವರು ಯಾರು? ನಮ್ಮದೇ ತೋರುಬೆರಳು. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಸ್ಪರ್ಧೆಗೆ ಮೊದಲು ತೂಕದ ಬಟ್ಟನ್ನು ಟ್ರಿಗರಿಗೆ ನೇತುಹಾಕಿ ಪರೀಕ್ಷಿಸುತ್ತಾರೆ. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟನ್ನು ಒಂದು ಚೀಲದಲ್ಲಿ ಹಾಕಿ ತೋರುಬೆರಳ ತುದಿಗೆ ನೇತುಹಾಕಿಕೊಳ್ಳಿ. ಬೆರಳು ಮಾಡಬೇಕಾದ ಕೆಲಸ ಅಷ್ಟು. ಆ ಭಾರವನ್ನು ಬೆರಳೊಂದೇ ನೇರ ಹಿಂದಕ್ಕೆ ಎಳೆಯಬೇಕು. ಉಳಿದ ನಾಲ್ಕು ಬೆರಳು, ಮಣಿಕಟ್ಟು, ಭುಜ ಯಾವುದೂ ಮಿಸುಕಬಾರದು. ಪ್ರಯತ್ನಿಸಿ ನೋಡಿ, ತೋರುಬೆರಳು ಮಡಚಿದರೆ ನಡುಬೆರಳೂ ಜೊತೆಗೆ ಮಡಚಿಕೊಳ್ಳುತ್ತದೆ. ನಮ್ಮ ಬೆರಳುಗಳು ಒಂದೇ ಕೊಟ್ಟಿಗೆಯ ದನಗಳಿದ್ದಂತೆ, ಒಂದು ಎದ್ದರೆ ಇನ್ನೊಂದೂ ಏಳುತ್ತದೆ.

ಬೆರಳಿಗಿಂತ ತುಂಟ ಇನ್ನೊಂದಿದೆ, ಮನಸ್ಸು. ಯಾರ ಕೈಯೂ ಕಲ್ಲಿನಂತೆ ನಿಲ್ಲುವುದಿಲ್ಲ. ಒಲಿಂಪಿಕ್ ಚಾಂಪಿಯನ್ ಕೈಯೂ ಸಣ್ಣಗೆ ತೇಲಾಡುತ್ತಲೇ ಇರುತ್ತದೆ. ಹೊಸಬರು ಏನು ಮಾಡುತ್ತಾರೆಂದರೆ, ಮೊನೆ ತೇಲಿಕೊಂಡು ನಡುವಿಗೆ ಬಂದ ಗಳಿಗೆಯಲ್ಲಿ ‘ಈಗ!’ ಎಂದು ಟ್ರಿಗರನ್ನು ಸೆಳೆದುಬಿಡುತ್ತಾರೆ. ಆ ಸೆಳೆತಕ್ಕೇ ಪಿಸ್ತೂಲು ಕುಲುಕಿ ಪೆಲೆಟ್ ಎಂಟಕ್ಕೋ ಏಳಕ್ಕೋ ಹೋಗುತ್ತದೆ. ಪಳಗಿದವರು ತೇಲಾಟವನ್ನು ಅದರ ಪಾಡಿಗೆ ಬಿಟ್ಟು, ಒತ್ತಡವನ್ನು ಮಾತ್ರ ಮೆಲ್ಲಗೆ ಏರಿಸುತ್ತಾ ಹೋಗುತ್ತಾರೆ. ಸದ್ದು ಬಂದಾಗ ಅವರಿಗೇ ಕೊಂಚ ಅಚ್ಚರಿಯಾಗಬೇಕು.

ನಿಜವಾದ ಪೆಲೆಟ್ ಹಾಕಿ ಹೊಡೆಯುವಾಗ ಈ ತಪ್ಪು ಶೂಟರ್‌ಗೆ ಕಾಣುವುದಿಲ್ಲ. ಸದ್ದಾಗುತ್ತದೆ, ಕಣ್ಣು ತಟ್ಟನೆ ಅಂಕ ತೋರಿಸುವ ಪರದೆಯತ್ತ ಓಡುತ್ತದೆ. ಹತ್ತು ಬಂದರೆ ಸಂತೋಷ, ಎಂಟು ಬಂದರೆ ಬೇಸರ. ಬೆರಳು ಏನು ಮಾಡಿತು ಎಂಬುದನ್ನು ನೋಡಿದವರೇ ಇಲ್ಲ. ಕೈ ಕುಲುಕಿಯೂ ಅದೃಷ್ಟಕ್ಕೆ ಹತ್ತು ಬಿದ್ದಿರಬಹುದು. ಆಗ ಮನಸ್ಸು ತಪ್ಪನ್ನೇ ಸರಿ ಎಂದು ಕಲಿಯುತ್ತದೆ. ಬಿಳಿ ಗೋಡೆಯ ಮುಂದೆ ಅಂಕವೇ ಇಲ್ಲ. ನೋಡಲು ಇರುವುದು ಕಪ್ಪು ಮೊನೆ ಒಂದೇ. ‘ಟಿಕ್’ ಎಂದ ಕ್ಷಣ ಅದು ಕೂದಲೆಳೆಯಷ್ಟು ಕೆಳಗೆ ಬಗ್ಗಿದರೂ ಬಿಳಿಯ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. ಸದ್ದಾದ ಮೇಲೂ ಒಂದೆರಡು ಸೆಕೆಂಡು ಕೈ ಇಳಿಸದೆ ಅದನ್ನೇ ನೋಡುತ್ತಿರಬೇಕು.

ಇಲ್ಲಿ ಅಜ್ಜಿಯರು ಹೇಳುವ ಒಂದು ಕತೆಯನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ದ್ರೋಣರು ಮರದ ಮೇಲೆ ಹಕ್ಕಿಯ ಬೊಂಬೆ ಇಟ್ಟು, ಏನು ಕಾಣುತ್ತದೆ ಎಂದು ಒಬ್ಬೊಬ್ಬ ಶಿಷ್ಯನನ್ನೂ ಕೇಳಿದರಲ್ಲ? ಮರ, ಕೊಂಬೆ, ಎಲೆ ಎಂದವರಿಗೆ ಬಾಣ ಬಿಡಲು ಅಪ್ಪಣೆಯೇ ಸಿಗಲಿಲ್ಲ. ಲೆಕ್ಕಕ್ಕೆ ಹಿಡಿದರೆ ಅವರಿಗಾದದ್ದೂ ಡ್ರೈ ಫೈರಿಂಗ್ ಪಾಠವೇ: ಬಿಲ್ಲೆತ್ತಿದರು, ಗುರಿ ಹಿಡಿದರು, ಇಳಿಸಿದರು. ಅರ್ಜುನ ಮಾತ್ರ ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದು ಹೇಳಿ ಗೆದ್ದ. ಆದರೆ ಅದೇ ಉತ್ತರವನ್ನು ಪಿಸ್ತೂಲು ಕಲಿಸುವ ಗುರುಗಳಿಗೆ ಹೇಳಿದರೆ ಅವರು ಕೂಡಿಸಿಬಿಡುತ್ತಾರೆ! ಅಲ್ಲಿ ಸರಿಯಾದ ಉತ್ತರ, “ಗುರುಗಳೇ, ಹಕ್ಕಿ ಮಸುಕು ಮಸುಕಾಗಿದೆ. ನನ್ನ ಮೊನೆ ಮಾತ್ರ ಸ್ಪಷ್ಟವಾಗಿ ಕಾಣುತ್ತಿದೆ.”

ಕಾರಣ ನಮ್ಮ ಕಣ್ಣು. ಅದು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಒಂದು ಕಣ್ಣು ಮುಚ್ಚಿ, ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಉಗುರನ್ನು ನೋಡಿದರೆ ಗೋಡೆಯ ಕ್ಯಾಲೆಂಡರ್ ಮಸುಕು. ಕ್ಯಾಲೆಂಡರ್ ನೋಡಿದರೆ ಉಗುರು ಮಸುಕು. ದೂರದ ಕಪ್ಪು ವೃತ್ತ ಕೊಂಚ ಮಸುಕಾದರೆ ನಷ್ಟ ಕಡಿಮೆ, ಹತ್ತಿರದ ಮೊನೆ ಮಸುಕಾದರೆ ಮೂವತ್ತು ಪಟ್ಟು ನಷ್ಟ. ಅದಕ್ಕೆ ಈ ಏರ್ಪಾಡು. ಚಾಳೀಸು ಬಂದ ಅಜ್ಜಂದಿರಿಗೆ ಚಾಚಿದ ಕೈಯ ಉಗುರೂ ಮಂಜಾಗಿರಬಹುದು. ವಯಸ್ಸಾದ ಶೂಟರ್‌ಗಳಿಗೂ ಹಾಗೇ ಆಗುತ್ತದೆ, ಅವರು ಮೊನೆ ಕಾಣಲೆಂದೇ ಬೇರೆ ಮಸೂರ ಮಾಡಿಸಿಕೊಳ್ಳುತ್ತಾರೆ.

ಮನೆಯಲ್ಲಿ ನಡೆಯುವ ಅಭ್ಯಾಸ ಹೊರಗಿನವರಿಗೆ ತೀರಾ ಸಪ್ಪೆ. ಈಗಿನ ಏರ್ ಪಿಸ್ತೂಲುಗಳಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ. ಅದನ್ನು ತಿರುಗಿಸಿದರೆ ಗಾಳಿ ಹೊರಡುವುದಿಲ್ಲ, ಟ್ರಿಗರ್ ಮಾತ್ರ ಟಿಕ್ ಎನ್ನುತ್ತದೆ. ಪಾದ ಎಲ್ಲಿಡಬೇಕೆಂದು ಕೆಲವರು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆದು ನೋಡುತ್ತಾರೆ: ಕೈ ತಾನಾಗಿಯೇ ಎಲ್ಲಿಗೆ ಹೋಗಿ ನಿಂತಿತು? ಪಕ್ಕಕ್ಕೆ ಹೋಗಿದ್ದರೆ ಕೈಯನ್ನು ಎಳೆಯುವುದಿಲ್ಲ, ಪಾದ ಸರಿಸುತ್ತಾರೆ. ಉಸಿರು ಎಳೆದು, ಅರ್ಧ ಬಿಟ್ಟು, ಅಲ್ಲೇ ತಡೆದು, ಒತ್ತಡ ಏರಿಸುತ್ತಾರೆ. ಹತ್ತು ಸೆಕೆಂಡಿನೊಳಗೆ ಸದ್ದು ಬರದಿದ್ದರೆ ಟ್ರಿಗರ್ ಬಿಟ್ಟು ಕೈ ಇಳಿಸುತ್ತಾರೆ. ಕಣ್ಣು, ತೋಳು ಎರಡೂ ಅಷ್ಟರಲ್ಲಿ ದಣಿದಿರುತ್ತವೆ. ಹೀಗೆ ಹೊಡೆಯದೆ ಇಳಿಸುವುದು ಬಹಳ ದೊಡ್ಡ ವಿದ್ಯೆ. ಸ್ಪರ್ಧೆಯಲ್ಲಿ ಗಡಿಯಾರ ಓಡುತ್ತಿರುವಾಗ, ಎತ್ತಿದ ಕೈಯನ್ನು ಸುಮ್ಮನೆ ಇಳಿಸಲು ಗಟ್ಟಿ ಮನಸ್ಸು ಬೇಕು. ಮನೆಯಲ್ಲಿ ನೂರು ಸಲ ಇಳಿಸಿದವರಿಗೆ ಮಾತ್ರ ಅಲ್ಲಿ ಅದು ಬರುತ್ತದೆ.

ಒಂದು ಹಳೆಯ ಆಟವೂ ಉಂಟು. ನಳಿಗೆಯ ತುದಿಯಲ್ಲಿ ಒಂದು ನಾಣ್ಯವನ್ನು ಮೆಲ್ಲಗೆ ಇಟ್ಟು ಟ್ರಿಗರ್ ಒತ್ತುವುದು. ನಾಣ್ಯ ಬಿದ್ದರೆ ಕೈ ಕುಲುಕಿತು ಎಂದರ್ಥ. ಮದ್ದಿನ ಪಿಸ್ತೂಲಿನವರಿಗೆ ತರಬೇತುದಾರರು ರೇಂಜಿನಲ್ಲಿ ಇನ್ನೊಂದು ಉಪಾಯ ಮಾಡುತ್ತಾರೆ. ತೋಟಾ ತುಂಬುವುದು ತರಬೇತುದಾರರು, ಹೊಡೆಯುವುದು ಶಿಷ್ಯ. ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಹುಸಿ. ಯಾವುದಿದೆ ಎಂದು ಶಿಷ್ಯನಿಗೆ ಹೇಳುವುದಿಲ್ಲ. ಹುಸಿ ತೋಟಾ ಇದ್ದಾಗ ಸದ್ದಿಲ್ಲ, ಹಿಂದೊದೆತ ಇಲ್ಲ, ಆದರೂ ಪಿಸ್ತೂಲಿನ ಮೂತಿ ಥಟ್ಟನೆ ಕೆಳಗೆ ಬಗ್ಗುತ್ತದೆ. ಸದ್ದು ಬರುತ್ತದೆಂದು ಮೈ ಮೊದಲೇ ಹೆದರಿದ್ದು ಎಲ್ಲರೆದುರು ಬಯಲಾಗುತ್ತದೆ. ಗದರಿಕೆಯಿಂದ ಹೋಗದ ತಪ್ಪು ಈ ಒಂದು ನಾಚಿಕೆಯಲ್ಲಿ ಹೋಗುವುದುಂಟು.

ಇದೆಲ್ಲ ಪಾಠ ಮಾತ್ರವಲ್ಲ, ಎಷ್ಟೋ ಮನೆಗಳಿಗೆ ಅನಿವಾರ್ಯ ಕೂಡ. ಹೊರದೇಶದಿಂದ ಬರುವ ಸ್ಪರ್ಧೆಯ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ರೇಂಜ್ ಇರುವುದು ದೊಡ್ಡ ಊರುಗಳಲ್ಲಿ. ಶಾಲೆ, ಟ್ಯೂಷನ್ ಮುಗಿಸಿ ನಿತ್ಯ ಅಲ್ಲಿಗೆ ಹೋಗಿಬರುವುದು ಎಲ್ಲರಿಂದ ಆಗದು. 2020ರ ಲಾಕ್‌ಡೌನ್‌ನಲ್ಲಿ ರೇಂಜುಗಳಿಗೆ ಬೀಗ ಬಿದ್ದಾಗ, ದೇಶದ ತಂಡದಲ್ಲಿದ್ದವರಿಗೂ ಮನೆಯ ಗೋಡೆಯೇ ಗತಿಯಾಯಿತು.

2021ಕ್ಕೆ ಮುಂದೂಡಿದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಮನು ಭಾಕರ್ ಇದ್ದರು. ಅರ್ಹತಾ ಸುತ್ತಿನ ನಡುವೆ ಅವರ ಪಿಸ್ತೂಲೇ ಕೆಟ್ಟಿತು. ಅದನ್ನು ರಿಪೇರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋಗಿದ್ದವು. ಉಳಿದ ಹೊಡೆತಗಳನ್ನು ಅವಸರದಲ್ಲಿ ಮುಗಿಸಬೇಕಾಗಿ ಬಂದು ಫೈನಲ್ ತಪ್ಪಿತು. ಆಗ ಅವರಿಗೆ 19 ವರ್ಷ. ಮೂರು ವರ್ಷದ ಮೇಲೆ ಶಾತೊರೂವಿನಲ್ಲಿ ಅದೇ ಹುಡುಗಿ 0.1ರಿಂದ ಬೆಳ್ಳಿ ಕಳೆದುಕೊಂಡರೂ ನಗುತ್ತಾ ನಿಂತರು. ಎರಡೇ ದಿನಕ್ಕೆ, ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಕೊರಿಯಾವನ್ನು 16-10ರಿಂದ ಸೋಲಿಸಿ ಇನ್ನೊಂದು ಕಂಚು ಗೆದ್ದರು.

ಈ ಸರಬ್‌ಜೋತ್ ಅವರಿಗೆ ಅದಕ್ಕೂ ಮೊದಲು, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮಿಶ್ರ ತಂಡದಲ್ಲಿ ಜೊತೆಗಾರ್ತಿಯಾಗಿ ಬೆಳ್ಳಿ ಗೆದ್ದವರು ನಮ್ಮ ಕರ್ನಾಟಕದ ಟಿ.ಎಸ್. ದಿವ್ಯಾ. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ ಅವರದು ಇನ್ನೊಂದು ಬಗೆಯ ಕತೆ. 2013ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ವಿಶ್ವಕಪ್‌ಗೆಂದು ಹೋದಾಗ ಅವರ ಮುಖದ ಒಂದು ಪಕ್ಕಕ್ಕೆ ಲಕವಾ ಹೊಡೆಯಿತು. ಕಣ್ಣಿನ ಮೇಲೇ ನಿಂತ ಆಟದಲ್ಲಿ ಅದೆಂಥ ಪೆಟ್ಟು ಎಂದು ಹೇಳಬೇಕಾಗಿಲ್ಲ. ಆದರೂ ಮತ್ತೆ ಪಿಸ್ತೂಲು ಹಿಡಿದು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋಗಿಬಂದರು.

ಸೊನ್ನೆಯಿಂದ ಮತ್ತೆ ಕಲಿಯುವುದೆಂದರೇನು ಎಂದು ತೋರಿಸಿದವರಲ್ಲಿ ಹಂಗೇರಿಯ ಕಾರೊಯ್ ಟಾಕಾಚ್ ಅವರನ್ನು ಮೀರಿಸಿದವರು ಇಲ್ಲವೆಂದೇ ನನ್ನೆಣಿಕೆ. ಸೈನ್ಯದಲ್ಲಿದ್ದ ಟಾಕಾಚ್ ಬಲಗೈ ಶೂಟರ್. 1938ರಲ್ಲಿ ತರಬೇತಿಯ ವೇಳೆ ಕೈಬಾಂಬ್ ಸಿಡಿದು ಆ ಕೈಯೇ ನುಜ್ಜುಗುಜ್ಜಾಯಿತು. ಆಸ್ಪತ್ರೆಯಿಂದ ಬಂದವರು ಯಾರಿಗೂ ಹೇಳದೆ ಎಡಗೈಯಲ್ಲಿ ಪಿಸ್ತೂಲು ಹಿಡಿಯಲು ಶುರುಮಾಡಿದರು. ಅನ್ನ ತಿನ್ನಲು, ಅಕ್ಷರ ಬರೆಯಲು ಬಾರದ ಕೈ. ಮರುವರ್ಷ ರಾಷ್ಟ್ರೀಯ ಸ್ಪರ್ಧೆಗೆ ಬಂದಾಗ, ಪಾಪ, ನೋಡಲು ಬಂದಿದ್ದಾರೆ ಎಂದುಕೊಂಡರು ಗೆಳೆಯರು. ಅವರು ಗೆದ್ದುಕೊಂಡೇ ಹೋದರು. ಯುದ್ಧದಿಂದಾಗಿ 1940, 1944ರ ಒಲಿಂಪಿಕ್ಸ್ ನಡೆಯಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಅವರಿಗೆ 38 ವರ್ಷ. ಇಲ್ಲಿಗೇಕೆ ಬಂದಿರಿ ಎಂದು ಅರ್ಜೆಂಟೀನಾದ ವಿಶ್ವ ಚಾಂಪಿಯನ್ ಕೇಳಿದರಂತೆ. ಕಲಿಯಲು ಎಂದರಂತೆ ಟಾಕಾಚ್. ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಟಾಕಾಚ್‌ಗೆ, ಬೆಳ್ಳಿ ಆ ಚಾಂಪಿಯನ್‌ಗೆ. ಕಲಿತದ್ದು ಸಾಕಷ್ಟಾಯಿತು ಎಂದು ಅವರೇ ಬಂದು ಕೈಕುಲುಕಿದರು ಎನ್ನುತ್ತಾರೆ. 1952ರಲ್ಲಿ ಹೆಲ್ಸಿಂಕಿಯಲ್ಲೂ ಚಿನ್ನ ಟಾಕಾಚ್‌ಗೇ.

ಪಿಸ್ತೂಲಿಲ್ಲದ ಮನೆಯಲ್ಲೂ ಈ ಆಟದ ರುಚಿ ನೋಡಬಹುದು. ಒಂದು ಲೀಟರ್ ನೀರಿನ ಬಾಟಲಿ ತುಂಬಿ ಮುಚ್ಚಳ ಬಿಗಿಮಾಡಿ. ಅದರ ತೂಕ ಒಂದು ಕಿಲೋ, ಹೆಚ್ಚುಕಡಿಮೆ ಪಿಸ್ತೂಲಿನದೇ. ಕತ್ತು ಹಿಡಿದು ಪಕ್ಕಕ್ಕೆ ಕೈ ಚಾಚಿ, ಬಾಟಲಿಯೊಳಗಿನ ನೀರು ಅಲುಗದಂತೆ ಹತ್ತು ಸೆಕೆಂಡು ನಿಲ್ಲಿ. ಅಜ್ಜ ಎಣಿಸಲಿ. ಮೊದಲ ಸಲ ಸುಲಭ. ಹತ್ತನೇ ಸಲಕ್ಕೆ ತೋಳು ಮಾತಾಡತೊಡಗುತ್ತದೆ. ಇಂಥ 60 ಸಲ ಎತ್ತಿದರೆ ಒಂದು ಸ್ಪರ್ಧೆ. (ಭುಜನೋವಿನ ಅಜ್ಜ ಅಜ್ಜಿಯರು ದಯವಿಟ್ಟು ಎಣಿಸುವ ಕೆಲಸಕ್ಕಷ್ಟೇ ಇರಿ.)

ಪಿಸ್ತೂಲು ಇರುವ ಮನೆಯಾದರೆ ಮಾತು ಬೇರೆ. ಏರ್ ಪಿಸ್ತೂಲು ಆಟಿಕೆಯಲ್ಲ, ಅದರ ಪೆಲೆಟ್ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ತರಬೇತುದಾರರು ಒಪ್ಪದೆ, ದೊಡ್ಡವರು ಎದುರಿಗಿಲ್ಲದೆ ಮಕ್ಕಳು ಅದನ್ನು ಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ. ಅಭ್ಯಾಸದ ಕೋಣೆಯೊಳಗೆ ಪೆಲೆಟ್ ಡಬ್ಬಿ ಇರಕೂಡದು. ಇನ್ನೊಂದು ಕೋಣೆಯ ಬೀರುವಿನಲ್ಲಿರಬೇಕು. ಪಿಸ್ತೂಲನ್ನು ತೆರೆದು ಒಳಗೇನೂ ಇಲ್ಲವೆಂದು ಮಗು ಒಮ್ಮೆ, ದೊಡ್ಡವರು ಒಮ್ಮೆ ನೋಡಬೇಕು. ಗುರಿ ಹಿಡಿಯುವುದು ಗಟ್ಟಿ ಗೋಡೆಗೆ, ಬಾಗಿಲಿಗಲ್ಲ, ಕಿಟಕಿಗಲ್ಲ, ಟಿವಿಯಲ್ಲಿ ಕಾಣುವ ಖಳನಾಯಕನಿಗಂತೂ ಅಲ್ಲವೇ ಅಲ್ಲ. ಅರ್ಧ ಗಂಟೆ ಸಾಕು. ದಣಿದ ಮೇಲೂ ಟಿಕ್ ಟಿಕ್ ಎನಿಸುತ್ತಿದ್ದರೆ ಕೈ ತಪ್ಪನ್ನೇ ಅಭ್ಯಾಸ ಮಾಡುತ್ತದೆ.

ಅನುಭವಿಗಳು ಹೆಚ್ಚು ಹೆದರುವುದು ಅಭ್ಯಾಸ ಮುಗಿದ ಮೇಲಿನ ‘ಇನ್ನೊಂದೇ ಒಂದು ಸಲ’ಕ್ಕೆ. ಪಿಸ್ತೂಲು ಎತ್ತಿಟ್ಟಾಗಿದೆ, ಮನಸ್ಸು ಬೇರೆಡೆ ಹೋಗಿದೆ, ಮತ್ತೆ ಕೈಗೆತ್ತಿಕೊಂಡರೆ ಪರೀಕ್ಷಿಸುವುದು ಮರೆತುಹೋಗುತ್ತದೆ. ಅದಕ್ಕೆ ಮುಗಿಸುವುದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ನಳಿಗೆ ಖಾಲಿ ಎಂದು ಎಲ್ಲರಿಗೂ ಕಾಣುವಂತೆ ಎದ್ದು ತೋರುವ ಬಣ್ಣದ ಪ್ಲಾಸ್ಟಿಕ್ ದಾರವನ್ನು ಅದರೊಳಗೆ ತೂರಿಸುವುದು, ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದು, “ಇವತ್ತಿನ ಅಭ್ಯಾಸ ಮುಗಿಯಿತು” ಎಂದು ಗಟ್ಟಿಯಾಗಿ ಹೇಳುವುದು. ಕೇಳಿಸಿಕೊಳ್ಳಲು ಮನೆಯಲ್ಲಿ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಬೀಗದ ಕೈ ಅವರ ಸೆರಗಿನ ತುದಿಯಲ್ಲಿರಲಿ.